ಮುಗಿಲಿಗೆ ಕಟ್ಟಿದ ಹಗೇವು: ಇಂಗ್ಲಿಸ್ ಊರಿನ ಎಲಿವೇಟರ್ ನೋಡಿ ಬಂದದ್ದು

"ಅಪ್ಪಾ, ಶನಿವಾರ ಎಲಿವೇಟರ್ ನೋಡಾಕ ಹೋಗೂಣು" ಅಂದ ಮಗ. ಲಿಫ್ಟ್ ನೋಡಲು ಮುನ್ನೂರು ಕಿಲೋಮೀಟರ್ ಯಾಕೆ ಹೋಗಬೇಕೋ ನನಗೆ ತಿಳಿಯಲಿಲ್ಲ. ಕೆನಡಾದ ರೆಜೈನಾ ನಗರದ ಅವನ ಅಪಾರ್ಟ್‌ಮೆಂಟಿನಲ್ಲೇ ಒಂದಿದೆ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತೇನೆ. ಆಮೇಲೆ ಮೊಮ್ಮಗ ಫೋನಿನಲ್ಲಿ ಫೋಟೋ ತೋರಿಸಿದ. ಬಟಾಬಯಲಿನಲ್ಲಿ ಸಾಲಾಗಿ ನಿಂತ ಐದು ಎತ್ತರದ ಮರದ ಕಟ್ಟಡ. ಕಿಟಕಿ ಲೆಕ್ಕಕ್ಕೆ ಒಂದೋ ಎರಡೋ. ಕೆಳಗೆ ಬಾಗಿಲು, ಮೇಲೆ ಟೊಪ್ಪಿಗೆ ಹಾಕಿದಂಥ ಮಾಡು. "ಅಜ್ಜಾ, ಇದು ಗೋದಿ ಇಡೋದು" ಅಂದ. ಹಾಗೋ, ಹಾಗಾದರೆ ನಡಿ ಅಂದೆ.

ಗದಗಿನ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತೇಳು ವರ್ಷ ದಲಾಲಿ ಅಂಗಡಿ ಗುಮಾಸ್ತನಾಗಿದ್ದವನು ನಾನು. ಹೆಸರು, ಕಡಲೆ, ಶೇಂಗಾ, ಗೋದಿ ಯಾವುದೇ ಬರಲಿ, ತೂಕ ಬರೆಯುವುದು, ಪಟ್ಟಿ ಮಾಡುವುದು, ರೈತರ ಬೈಗುಳ ತಿನ್ನುವುದು ನನ್ನ ಕೆಲಸ. ಆದ್ದರಿಂದ ಇದನ್ನು ಪ್ರವಾಸಿಯ ವಿಮರ್ಶೆ ಅಂತ ಓದಬೇಡಿ, ಒಬ್ಬ ಗುಮಾಸ್ತ ಇನ್ನೊಂದು ಯಾರ್ಡಿಗೆ ಹೋಗಿ ಬಂದ ವರದಿ ಅಂತ ಓದಿ. ಅಂಕ ಮೊದಲೇ ಕೊಟ್ಟುಬಿಡುತ್ತೇನೆ: ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಹಿಡಿದುಕೊಂಡೆ ಅನ್ನುವುದು ಮುಂದೆ ಬರುತ್ತದೆ.

ಇಂಗ್ಲಿಸ್ ಇರುವುದು ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ, ಸಸ್ಕಾಚವಾನ್ ಗಡಿಗೆ ಹತ್ತಿಕೊಂಡಂತೆ. ರಸೆಲ್ ಎಂಬ ಸ್ವಲ್ಪ ದೊಡ್ಡ ಊರಿನಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ರೆಜೈನಾದಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಮನೆಯವರು ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿದ್ದರು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಮಗ "ದಾರ್ಯಾಗ ಎಲ್ಲಾ ಸಿಗತೈತಿ" ಅಂತ ನಕ್ಕ. ಸಿಕ್ಕದ್ದು ಏನೆಂದರೆ, ದಾರಿಯ ಒಂದು ಹೋಟೆಲಿನಲ್ಲಿ ಮಾಂಸ ಬೇಡ ಅಂತ ಎರಡು ಸಲ ಹೇಳಿಸಿದರೂ ಮಾಂಸದ ಚೂರು ಇದ್ದ ಬ್ರೆಡ್ಡು. ಅದನ್ನು ಮಗನೇ ತಿಂದ. ನಾವು ಕಾರಿನಲ್ಲಿ ರೊಟ್ಟಿ ಮುರಿದೆವು.

ದಾರಿ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ದಾರಿ ನೋಡದೆ ಆ ಊರು ಅರ್ಥವಾಗುವುದಿಲ್ಲ. ರೆಜೈನಾ ಅನ್ನುವುದು ಇಂಗ್ಲೆಂಡಿನ ರಾಣಿಯ ನೆನಪಿಗೆ ಇಟ್ಟ ಹೆಸರು. ಅದಕ್ಕೂ ಮೊದಲು ಆ ಜಾಗವನ್ನು ಕ್ರೀ ಎಂಬ ಮೂಲನಿವಾಸಿ ಜನ ಕರೆಯುತ್ತಿದ್ದದ್ದು 'ಎಲುಬಿನ ರಾಶಿ' ಎಂಬ ಅರ್ಥದ ಹೆಸರಿನಿಂದ. ಬೇಟೆಯಾಡಿದ ಕಾಡುಕೋಣಗಳ ಎಲುಬನ್ನು ಅಲ್ಲಿ ಒಟ್ಟುತ್ತಿದ್ದರಂತೆ. ಬಿಳಿಯರು ಬಂದೂಕು ಹಿಡಿದು ಬಂದ ಮೇಲೆ ಆ ಕೋಣಗಳ ಸಂತಾನವೇ ತೀರುವ ಮಟ್ಟಕ್ಕೆ ಬಂತು. ರೈಲು ಬಂದಾಗ ಈ ಬಯಲಿನಿಂದ ಹೊರಟ ಮೊದಮೊದಲ ಸರಕಿನಲ್ಲಿ ಗೊಬ್ಬರದ ಕಾರ್ಖಾನೆಗೆ ಹೋಗುವ ಈ ಎಲುಬೂ ಇತ್ತು. ಗೋದಿಯ ಪಾಳಿ ಆಮೇಲೆ. ಒಂದು ಗಂಟೆಯೊಳಗೆ ಫೋರ್ಟ್ ಕ್ವಾಪೆಲ್ ಎಂಬ ಊರು ಸಿಗುತ್ತದೆ. 1874ರಲ್ಲಿ ಇಲ್ಲೇ ಮೂಲನಿವಾಸಿಗಳ ಜೊತೆ ಭೂಮಿಯ ನಾಲ್ಕನೇ ಒಪ್ಪಂದ ಆಯಿತು. ಆ ಕಡೆ ಒಪ್ಪಂದ, ಈ ಕಡೆ 1872ರ ಕಾಯ್ದೆಯ ಪ್ರಕಾರ ಹೊಸದಾಗಿ ನೆಲೆಸಲು ಬಂದವರಿಗೆ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಹಂಚಿಕೆ. ಯಾರ ಭೂಮಿ ಯಾರ ಪಹಣಿಗೆ ಬಂತು ಅಂತ ಗುಮಾಸ್ತನಿಗೆ ಹೇಳಿಕೊಡಬೇಕಿಲ್ಲ.

ಮೆಲ್ವಿಲ್ ದಾಟುವಾಗ ಮಗ ಒಂದು ತಮಾಷೆ ತೋರಿಸಿದ. ಇಲ್ಲಿನ ಒಂದು ರೈಲು ಹಾದಿಯ ಊರುಗಳಿಗೆ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಹೆಸರಿಟ್ಟಿದ್ದಾರೆ: ಫೆನ್‌ವುಡ್, ಗುಡೀವ್, ಹಬರ್ಡ್, ಇಟ್ಯೂನಾ, ಜಾಸ್ಮಿನ್, ಕೆಲಿಹರ್. ನಮ್ಮ ಖಾತೆ ಪುಸ್ತಕದ ಅಂಚಿಗೆ ಅಕ್ಷರದ ಚೀಟಿ ಅಂಟಿಸುತ್ತಿದ್ದೆವಲ್ಲ, ಹಾಗೆ. ಜನ ಬಂದು ಊರು ಕಟ್ಟಿ ಹೆಸರಿಟ್ಟದ್ದಲ್ಲ. ರೈಲು ಕಂಪನಿ ನಕ್ಷೆಯ ಮೇಲೆ ಚುಕ್ಕೆ ಹಾಕಿ ಹೆಸರು ಬರೆಯಿತು, ಜನ ಆಮೇಲೆ ಬಂದರು. ಚುಕ್ಕೆಗಳ ನಡುವಿನ ಅಂತರವೂ ಲೆಕ್ಕದ್ದೇ, ಸುಮಾರು ಹದಿಮೂರರಿಂದ ಹದಿನಾರು ಕಿಲೋಮೀಟರ್. ಕುದುರೆ ಗಾಡಿಯಲ್ಲಿ ಕಾಳು ಹೇರಿಕೊಂಡು ಬಂದ ರೈತ ತೂಕ ಮಾಡಿಸಿ, ದುಡ್ಡು ಎಣಿಸಿ, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಅಷ್ಟೇ ದೂರ. ಇಡೀ ಒಂದು ಸೀಮೆಯ ಊರುಗಳೆಲ್ಲ ಕುದುರೆಯ ಕಾಲಿನ ಅಳತೆಗೆ ಹುಟ್ಟಿದವು.

ಜುಲೈ ತಿಂಗಳು. ಕಣ್ಣು ಹಾಯುವಷ್ಟು ದೂರ ಕನೋಲಾ ಎಂಬ ಎಣ್ಣೆಕಾಳಿನ ಬೆಳೆ ಹಳದಿ ಹೂ ಬಿಟ್ಟಿತ್ತು. ನಡುವೆ ಗಿಡ್ಡಗೆ ಹಸಿರಾಗಿ ಹಬ್ಬಿದ ಒಂದು ಹೊಲದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ ಇಳಿದು ನೋಡಿದೆ. ಬಟಾಣಿ! 'ಕೆನಡಾ ಬಟಾಣಿ' ಅನ್ನುವ ಮಾತು ನಮ್ಮ ಯಾರ್ಡಿನಲ್ಲಿ ಬೈಗುಳದ ಹಾಗೆ ಓಡಾಡುತ್ತಿತ್ತು. ಮುಂಬೈ ಬಂದರಿಗೆ ಹಡಗು ಬಂತಂತೆ ಅಂದರೆ ಸಾಕು, ನಮ್ಮ ಕಡಲೆ ದರದ ಮೇಲೆ ನೀರು ಬೀಳುತ್ತಿತ್ತು. ಬಜ್ಜಿ ಹಿಟ್ಟಿಗೆ ಕಡಲೆ ಬದಲು ಅದೇ ಬೀಸಿ ಬೆರೆಸುವವರಿಗೆ ಹಬ್ಬ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಬಟಾಣಿ ಆಮದಿಗೆ ಶೇ. 50 ಸುಂಕ ಹಾಕಿದಾಗ ನಮ್ಮಲ್ಲಿ ಪೇಡೆ ಹಂಚಿದವರಿದ್ದಾರೆ. ಆ ವೈರಿಯನ್ನು ಗಿಡದಲ್ಲಿ ನೋಡಿದ್ದು ಇದೇ ಮೊದಲು. ಬಿಳಿ ಹೂ, ಎಳೆ ಬಳ್ಳಿ, ನೋಡಲು ಪಾಪದ್ದು. ಮನೆಯವರು "ಸುಲಿದು ನೋಡ್ರಿ" ಅಂದರು. ಕಂಡವರ ಹೊಲ, ಬೇಡ ಅಂದೆ.

ಇಂಗ್ಲಿಸ್ ಮುಟ್ಟುವ ಮೊದಲೇ ಐದೂ ತಲೆ ಕಂಡವು. ಸಪಾಟು ನೆಲವಾದ್ದರಿಂದ ಎಪ್ಪತ್ತು ಎಂಬತ್ತಡಿ ಎತ್ತರದ ಕಟ್ಟಡವೂ ಗೋಪುರದ ಹಾಗೆ ದೂರದಿಂದಲೇ ಕಾಣುತ್ತದೆ. ಕೆನಡಿಯನ್ ಪೆಸಿಫಿಕ್ ರೈಲು ಈ ಊರಿಗೆ ಬಂದದ್ದು 1922ರಲ್ಲಿ. ಆ ವರ್ಷದಿಂದ 1941ರೊಳಗೆ ಈ ಸಾಲು ಎದ್ದು ನಿಂತಿತು. ಬೇರೆ ಬೇರೆ ಕಂಪನಿಗಳು ಒಂದರ ಪಕ್ಕ ಒಂದು ಕಟ್ಟಿಕೊಂಡವು. ನಮ್ಮಲ್ಲಿ ಒಂದೇ ಯಾರ್ಡಿನಲ್ಲಿ ಅಡತಿ ಅಂಗಡಿಗಳ ಸಾಲು ಇಲ್ಲವೇ, ಹಾಗೆಯೇ. ಇಂಥವು 1930ರ ದಶಕದಲ್ಲಿ ಕೆನಡಾದ ಬಯಲುಸೀಮೆಯಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚಿದ್ದವು. ಈಗ ಬಹುಪಾಲು ಕೆಡವಿಯಾಗಿದೆ. ಹೀಗೆ ಸಾಲಿಗೆ ಸಾಲೇ ಉಳಿದಿರುವುದರಿಂದ ಇಂಗ್ಲಿಸ್ ರಾಷ್ಟ್ರೀಯ ಐತಿಹಾಸಿಕ ತಾಣವಾಗಿದೆ.

ಟಿಕೆಟ್ ಎಷ್ಟೆಂದು ಮಗ ಹೇಳಲಿಲ್ಲ. ರೂಪಾಯಿಗೆ ಗುಣಿಸುತ್ತೇನೆ ಅಂತ ಅವನಿಗೆ ಗೊತ್ತು. ತೋರಿಸಲು ಬಂದವಳು ಕಾಲೇಜು ಓದುವ ವಯಸ್ಸಿನ ಹುಡುಗಿ. ನಿಧಾನಕ್ಕೆ ಮಾತಾಡಿದಳು. ನನ್ನ ಇಂಗ್ಲಿಷು ಅರ್ಧಕ್ಕೆ ನಿಂತಾಗ ಮಗ ಪೂರ್ತಿ ಮಾಡಿದ.

ಒಳಗೆ ಕಾಲಿಟ್ಟ ಕೂಡಲೇ ವಾಸನೆ. ಹಳೇ ಕಾಳು, ಒಣ ಕಟ್ಟಿಗೆ, ಧೂಳು. ನಮ್ಮ ಅಂಗಡಿಯ ಹಿಂದಿನ ಗೋದಾಮಿನ ವಾಸನೆಯೇ, ಗೋಣಿಚೀಲದ ವಾಸನೆಯೊಂದು ಕಡಿಮೆ. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು "ಇದ್ರಾಗಿಂದ ಬಂದೇ ನಿಮ್ಮ ಅಂಗಿ ತೊಳದು ತೊಳದು ನನ್ನ ಕೈ ಸವದಾವು" ಅಂದರು.

ಗಾಡಿ ಬಂದು ನಿಲ್ಲುವ ಅಂಕಣದ ನೆಲವೇ ತಕ್ಕಡಿ. ತುಂಬಿದ ಗಾಡಿ ತೂಗು, ಖಾಲಿ ಗಾಡಿ ತೂಗು, ಕಳೆ. ಹಿತ್ತಾಳೆಯ ದಂಡದ ಮೇಲೆ ಗುಂಡು ಸರಿಸಿ ನೋಡುವ ತೂಕ. ಗಾಡಿಯ ಮುಂಭಾಗ ಎತ್ತಿದರೆ ಕಾಳು ಹಿಂದಿನಿಂದ ಜಾಲರಿಯ ಕೆಳಗಿನ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಹೋಗುವುದಕ್ಕೆ ಒಂದು ಉದ್ದನೆ ಪಟ್ಟೆ, ಅದಕ್ಕೆ ಸಾಲಾಗಿ ತಗಡಿನ ಬಟ್ಟಲು. ಬಾವಿಯ ರಾಟಗಾಲಿ ನೆನೆಸಿಕೊಳ್ಳಿ, ನೀರಿನ ಬದಲು ಗೋದಿ. ಪಟ್ಟೆ ತಿರುಗಿದಂತೆ ಬಟ್ಟಲುಗಳು ಕಾಳು ಬಾಚಿ ತುದಿಗೆ ಒಯ್ದು ಸುರಿಯುತ್ತವೆ. ಇದನ್ನು ಅವರು 'ಲೆಗ್' ಅನ್ನುತ್ತಾರೆ, ಕಾಲು. ಕಾಲಿನಿಂದ ತಲೆಗೆ ಏರಿದ ಕಾಳು ಯಾವ ಕಣಜಕ್ಕೆ ಇಳಿಯಬೇಕು ಅನ್ನುವುದನ್ನು ಕೆಳಗೆ ನಿಂತವನು ಚಕ್ರ ತಿರುಗಿಸಿ ಗೊತ್ತು ಮಾಡುತ್ತಾನೆ. ರೈಲು ಡಬ್ಬಿ ಬಂದಾಗ ಮತ್ತೆ ಎತ್ತಿ, ತೂಗಿ, ಕೊಳವೆಯಿಂದ ಡಬ್ಬಿಗೆ ಬಿಟ್ಟರೆ ಮುಗಿಯಿತು.

ನಾನು ಕೇಳಿದ ಮೊದಲ ಪ್ರಶ್ನೆ: "ಹಮಾಲರು ಎಲ್ಲಿ?" ಮಗ ಇಂಗ್ಲಿಷಿಗೆ ತಿರುಗಿಸಲು ಒದ್ದಾಡಿದ. ಕೊನೆಗೆ ಅವಳು ಹೇಳಿದ್ದಿಷ್ಟು, ಇಲ್ಲಿ ಒಬ್ಬನೇ ಏಜೆಂಟ್, ಸುಗ್ಗಿಯಲ್ಲಿ ಕೈಗೊಬ್ಬ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಂದು ಕಟ್ಟಡಕ್ಕೆ ಮೂವತ್ತು ಸಾವಿರ ಬುಶೆಲ್ ಅಂತ ಹಿಡಿದರೆ, ಗೋದಿಯ ಬುಶೆಲ್ಲು ಸುಮಾರು 27 ಕಿಲೋ, ಅಂದರೆ ಎಂಟು ಸಾವಿರ ಕ್ವಿಂಟಲ್. ನಮ್ಮಲ್ಲಿ ಅಷ್ಟನ್ನು ಇಳಿಸಿ, ಸುರುವಿ, ಚೀಲ ತುಂಬಿ, ಹೊಲಿದು, ಥಪ್ಪಿ ಹಚ್ಚಿ, ಮತ್ತೆ ಲಾರಿಗೆ ಏರಿಸಲು ಎಷ್ಟು ಬೆನ್ನು ಬೇಕು! ನಮ್ಮ ಅಂಗಡಿಯ ಹಿರಿಯ ಹಮಾಲರೊಬ್ಬರು ನಿವೃತ್ತಿಯಾದ ಮೇಲೂ ನೆಟ್ಟಗೆ ನಿಲ್ಲಲಾರರು, ಕೊರಳು ಬಲಕ್ಕೇ ಬಾಗಿದೆ. ಈ ಬಟ್ಟಲಿನ ಪಟ್ಟೆಯನ್ನು ಅವರಿಗೆ ತೋರಿಸಬೇಕಿತ್ತು.

ಎರಡನೇ ಪ್ರಶ್ನೆ ನನ್ನ ಕಸುಬಿನದು: "ಸೂಟ್ ಎಷ್ಟು ತೆಗೀತಿದ್ರು?" ಸೂಟ್ ಅಂದರೆ ಗೊತ್ತಿಲ್ಲದವರಿಗೆ: ಕಸ, ಮಣ್ಣು, ತೇವ, ಚೀಲದ ತೂಕ ಅಂತ ಹೇಳಿ ಕ್ವಿಂಟಲಿಗೆ ಇಷ್ಟು ಅಂತ ರೈತನ ಲೆಕ್ಕದಲ್ಲಿ ಕಳೆಯುವುದು. ಕಾನೂನಿನಲ್ಲಿ ಇಲ್ಲ, ರೂಢಿಯಲ್ಲಿ ಉಂಟು. ಹುಡುಗಿ ನಗುತ್ತಾ ಜರಡಿಗಳ ಕಡೆ ಕೈ ತೋರಿಸಿದಳು. ಇಲ್ಲಿ ಅದರ ಹೆಸರು ಡಾಕೇಜ್. ಏಜೆಂಟ್ ಒಂದು ಹಿಡಿ ಕಾಳು ತೆಗೆದು, ಜರಡಿ ಹಿಡಿದು, ಕಳೆಬೀಜ ಇಷ್ಟು ಅಂತ ಹೇಳಿ ಕಳೆಯುತ್ತಿದ್ದ. ದರ್ಜೆಯನ್ನೂ ಅವನೇ ಹೇಳುತ್ತಿದ್ದ. ಒಂದನೇ ನಂಬರು ಅಂದುಕೊಂಡು ತಂದದ್ದು ಮೂರನೇ ನಂಬರಾಗಿ ಮನೆಗೆ ಹೋಗುತ್ತಿತ್ತು. ನಾನು ಹೆಂಡತಿಗೆ ಹೇಳಿದೆ, "ನೋಡ, ಇಲ್ಲೂ ನಮ್ಮಂಥವ್ರೇ." ಅವರು, "ನಿಮ್ಮಂಥವ್ರು ಅನ್ರಿ" ಅಂದರು.

ಈ ಸಿಟ್ಟಿನಿಂದಲೇ ಇಲ್ಲಿನ ರೈತರ ಸಂಘ ಹುಟ್ಟಿದ್ದು. ಸಾಲಿನ ಐದರಲ್ಲಿ ಒಂದು ಯುನೈಟೆಡ್ ಗ್ರೇನ್ ಗ್ರೋವರ್ಸ್ ಅನ್ನುವ ರೈತರದೇ ಕಂಪನಿಯದು. ಅದರ ಬೇರು ಸಿಂಟಲೂಟಾ ಎಂಬ ಸಸ್ಕಾಚವಾನಿನ ಊರಿನಲ್ಲಿದೆ. ರೈಲು ಡಬ್ಬಿ ಮೊದಲು ಎಲಿವೇಟರ್ ಕಂಪನಿಗೆ, ಉಳಿದರೆ ರೈತನಿಗೆ ಅನ್ನುವ ರೂಢಿ ಇತ್ತು. ಕಾನೂನು ಪಾಳಿಯ ಪ್ರಕಾರ ಕೊಡಬೇಕು ಅಂದರೂ ಕೊಡುತ್ತಿರಲಿಲ್ಲ. 1902ರಲ್ಲಿ ಅಲ್ಲಿನ ರೈತರು ರೈಲು ಕಂಪನಿಯ ಏಜೆಂಟನನ್ನು ಕೋರ್ಟಿಗೆ ಎಳೆದು ಗೆದ್ದರು. ಅದೇ ಊರಿನ ರೈತ ಇ. ಎ. ಪಾರ್ಟ್ರಿಜ್ ವಿನಿಪೆಗ್ ಪೇಟೆಗೆ ಹೋಗಿ ಗೋದಿ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಕೂತು ನೋಡಿ ಬಂದ. 1906ರಲ್ಲಿ ರೈತರ ಕಂಪನಿಯೇ ಶುರುವಾಯಿತು. 1917ರಲ್ಲಿ ಅದು ಇನ್ನೊಂದು ರೈತ ಸಂಸ್ಥೆಯ ಜೊತೆ ಕೂಡಿ ಈ ಹೆಸರು ಪಡೆಯಿತು. ನಾನು ಮನದಲ್ಲೇ ಇಸವಿ ಪಕ್ಕದಲ್ಲಿ ಇಸವಿ ಇಟ್ಟೆ. ಗದಗಿನ ಮಗ್ಗುಲಲ್ಲೇ ಇರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು 1905. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ.

ಇನ್ನು ಗೋಡೆ. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲಿ. ಕಣಜದ ಗೋಡೆಗೆ ಹಲಗೆಯನ್ನು ನಿಲ್ಲಿಸಿ ಬಡಿದಿಲ್ಲ. ಮಲಗಿಸಿ, ಒಂದರ ಮೇಲೊಂದು ಇಟ್ಟಿಗೆಯ ಹಾಗೆ ಪೇರಿಸಿ ಮೊಳೆ ಹೊಡೆದಿದ್ದಾರೆ. ಕಾಳು ನೀರಿನ ಹಾಗೆ ಹೊರಕ್ಕೆ ಒತ್ತುತ್ತದೆ, ತೆಳ್ಳಗಿನ ಗೋಡೆ ಸೀಳಿಹೋಗುತ್ತದೆ. ಕಾಳು ಹರಿದಲ್ಲೆಲ್ಲ ಕಟ್ಟಿಗೆ ಸವೆದು ನುಣುಪಾಗಿತ್ತು. ಕೈಯಾಡಿಸಿದೆ. ನಮ್ಮ ಅಜ್ಜನ ಮನೆಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಅದರ ಬಾಯಿಯ ಕಲ್ಲೂ ಹೀಗೇ ಇತ್ತು, ಜೋಳ ಸುರಿದು ಸುರಿದು. ಹಗೇವು ತೆಗೆದ ದಿನ ತಕ್ಷಣ ಒಳಗೆ ಯಾರೂ ಇಳಿಯುವ ಹಾಗಿರಲಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ಬಿಟ್ಟು, ಮೊದಲು ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ. ಇವರಿಗೆ ಅಂಜಿಕೆ ಬೆಂಕಿಯದು. ಕಾಳಿನ ಧೂಳು ಕಿಡಿ ಬಿದ್ದರೆ ಸಿಡಿಯುತ್ತದೆ. ಅದಕ್ಕೇ ಎಂಜಿನ್ನನ್ನು ಪಕ್ಕದ ಆಫೀಸು ಕಟ್ಟಡದ ಕಡೆ ದೂರ ಇಟ್ಟಿದ್ದಾರೆ. ನಾವು ನೆಲದೊಳಗೆ ಹುಗಿದೆವು, ಇವರು ಮುಗಿಲಿಗೆ ಎತ್ತಿದರು. ಭಯ ಮಾತ್ರ ಇಬ್ಬರಿಗೂ ತಪ್ಪಲಿಲ್ಲ.

ಏಜೆಂಟ್ ಮೇಲೆ ಹೋಗಲು ಇದ್ದದ್ದು ಒಬ್ಬನೇ ನಿಲ್ಲಬಹುದಾದ ಹಲಗೆ, ಆ ಕಡೆ ಭಾರದ ಕಲ್ಲು, ನಡುವೆ ಹಗ್ಗ. ತಾನೇ ಹಗ್ಗ ಜಗ್ಗಿಕೊಂಡು ಏರಬೇಕು. ಮೊಮ್ಮಗ ಹತ್ತುತ್ತೇನೆಂದು ಹಟ ಹಿಡಿದ, ಆಗಲಿಲ್ಲ. "ಅಜ್ಜಾ, ಇದೇ ನೋಡು ಖರೇ ಎಲಿವೇಟರ್" ಅಂದ. ನನ್ನ ಮಾತಿಗೂ ಬೆಲೆ ಬಂತು.

ಈಗ ಆ ಅರ್ಧ ಅಂಕ. ನಾವು ಹೋದ ದಿನ ಪಟ್ಟೆ ತಿರುಗಲಿಲ್ಲ. ಬಟ್ಟಲು ಸುಮ್ಮನೆ ತೂಗಿದ್ದವು. ಯಾರ್ಡಿನ ಮನುಷ್ಯನಿಗೆ ಮೌನ ಅಂದರೆ ಹರತಾಳ, ಬೇರೇನೂ ಅಲ್ಲ. ನೂರು ವರ್ಷದ ಕಟ್ಟಿಗೆ, ಧೂಳಿನ ಭಯ, ಎಲ್ಲ ಸರಿ. ಆದರೂ ಒಂದು ಬುಟ್ಟಿ ಗೋದಿ ಮೇಲಿನಿಂದ ಕೆಳಗೆ ಇಳಿಯುವ ಸಪ್ಪಳ ಕೇಳಬೇಕಿತ್ತು ನನಗೆ. ಇದು ಅವರ ತಪ್ಪಲ್ಲ, ನನ್ನ ಕಿವಿಯ ಚಟ.

ಹೊರಗೆ ಬಂದು ಊರು ಸುತ್ತಿದೆವು. ಕಾಲು ಗಂಟೆ ಸಾಕು. ಅಗಲವಾದ ಬೀದಿ, ದೂರ ದೂರ ಮನೆ, ಮನೆ ಮುಂದೆ ಕತ್ತರಿಸಿದ ಹುಲ್ಲು. ಒಬ್ಬರು ಪಿಕಪ್ ಗಾಡಿಯ ಸ್ಟಿಯರಿಂಗಿನಿಂದ ಒಂದೇ ಬೆರಳು ಎತ್ತಿ ನಮಗೆ ನಮಸ್ಕಾರ ಮಾಡಿದರು. ಈ ಸುತ್ತಿನಲ್ಲಿ ನೆಲೆಸಿದವರು ಉಕ್ರೇನಿಯರು, ಜರ್ಮನರು, ರೊಮೇನಿಯದವರು. ಸಮೀಪದ ಲೆನಾರ್ಡಿನಲ್ಲಿ ರೊಮೇನಿಯನ್ನರ ಹಳೇ ಮರದ ಇಗರ್ಜಿಯೂ ಇದೆ. ಕಷ್ಟ ಕಾಣದ ಜನ ಅಲ್ಲ ಇವರು. 1932ರ ಕೊನೆಯಲ್ಲಿ ಒಳ್ಳೇ ದರ್ಜೆಯ ಗೋದಿಯೂ ಬುಶೆಲ್ಲಿಗೆ ನಲವತ್ತು ಸೆಂಟಿಗಿಂತ ಕೆಳಗೆ ಇಳಿದಿತ್ತು, ಜೊತೆಗೆ ಬರ, ಧೂಳಿನ ಬಿರುಗಾಳಿ.

ಆದರೆ ಊರುಗಳ ಉಸಿರು ಹೋದದ್ದು ಬರದಿಂದಲ್ಲ. ಕುದುರೆ ಹೋಗಿ ಲಾರಿ ಬಂತು, ಹದಿನೈದು ಕಿಲೋಮೀಟರಿನ ಲೆಕ್ಕ ಅಲ್ಲಿಗೇ ಕೆಟ್ಟಿತು. ಕವಲು ರೈಲುಗಳು ನಷ್ಟ ಅಂದರು. 1977ರ ಸರ್ಕಾರಿ ಆಯೋಗವೊಂದು ಎರಡು ಸಾವಿರ ಮೈಲಿಗೂ ಹೆಚ್ಚು ಹಳಿ ಬಿಟ್ಟುಬಿಡಿ ಅಂತ ಶಿಫಾರಸು ಮಾಡಿತು. ಧಾನ್ಯ ಸಾಗಣೆಗೆ 1897ರ ಒಪ್ಪಂದದಿಂದ ಬಂದ ಅಗ್ಗದ ದರವೊಂದಿತ್ತು, 'ಕ್ರೋ ರೇಟ್' ಅಂತ. ರೂಪ ಬದಲಿಸಿಕೊಂಡು ಉಳಿದಿದ್ದ ಆ ರಿಯಾಯಿತಿಯೂ 1995ರಲ್ಲಿ ಹೋಯಿತು. ಇಂಗ್ಲಿಸಿನ ಹಳಿಯೂ ಅದೇ ಹೊತ್ತಿಗೆ ಸುಮ್ಮನಾಯಿತು. ಈಗ ದೂರದಲ್ಲೊಂದು ದೊಡ್ಡ ಕಾಂಕ್ರೀಟಿನ ಟರ್ಮಿನಲ್, ಅಲ್ಲಿಗೇ ಎಲ್ಲರ ಕಾಳು. ತೂಕಕ್ಕೆ ಬಂದವನು ಅಲ್ಲೇ ಡೀಸೆಲ್ಲು, ಅಲ್ಲೇ ಕಿರಾಣಿ ಮುಗಿಸುತ್ತಾನೆ. ಊರಿನ ಅಂಗಡಿಗೆ ಯಾರು ಬರುತ್ತಾರೆ? ತೂಕ ಎಲ್ಲಿದೆಯೋ ಸಂತೆ ಅಲ್ಲಿ.

ಇದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ಶೆಲ್ ನದಿಯ ಕಣಿವೆಯಲ್ಲಿ ಅಸೆಸಿಪ್ಪಿ ಅಂತ 1880ರ ದಶಕದಲ್ಲಿ ಗಿರಣಿ ಸಮೇತ ಊರು ಕಟ್ಟಿದ್ದರು, ರೈಲು ಬಂದೇ ಬರುತ್ತದೆ ಅಂತ. ರೈಲು ಬೇರೆ ಕಡೆ ಹೋಯಿತು, ಊರು ಕರಗಿತು. ಈಗ ಅದೇ ಹೆಸರಿನಲ್ಲಿ ಉದ್ಯಾನ ಇದೆ, ಅಣೆಕಟ್ಟಿನ ಸರೋವರ ಇದೆ. ನೀರಿನ ದಂಡೆಗೆ ಕೂತು ಉಳಿದ ಬುತ್ತಿ ಬಿಚ್ಚಿದೆವು. ಸೊಳ್ಳೆ ನಮ್ಮನ್ನು ಬುತ್ತಿ ಅಂದುಕೊಂಡವು.

ಹೋಗುವವರಿಗೆ: ಬೇಸಿಗೆಯಲ್ಲೇ ಹೋಗಿ, ಮುಚ್ಚಿದ ಬೂಟು ಹಾಕಿ, ಧೂಳು ಆಗದವರು ಮೂಗಿಗೆ ಬಟ್ಟೆ ಇಟ್ಟುಕೊಳ್ಳಿ. ಊಟ ಕಟ್ಟಿಕೊಂಡೇ ಹೋಗಿ. ಸುಮ್ಮನೆ ಫೋಟೋಕ್ಕೆ ಹೋಗುವವರಿಗೆ ಅರ್ಧ ಗಂಟೆ ಸಾಕು. ಒಮ್ಮೆಯಾದರೂ ತಕ್ಕಡಿಯ ಈ ಕಡೆ ಅಥವಾ ಆ ಕಡೆ ನಿಂತವರು ಅರ್ಧ ದಿನ ಇಟ್ಟುಕೊಳ್ಳಿ, ಮತ್ತು ಇಂಗ್ಲಿಷ್ ಬರುವ ಮಗನನ್ನು ಕರೆದುಕೊಂಡು ಹೋಗಿ.

ಬರುವಾಗ ದೊಡ್ಡ ಹೆದ್ದಾರಿ ಹಿಡಿದು ಸಿಂಟಲೂಟಾದ ಮೇಲೆ ಹೋಗೋಣ ಅಂದೆ. ಸ್ವಲ್ಪ ಸುತ್ತು. ಮುಟ್ಟಿದಾಗ ಹೊತ್ತು ಇಳಿದಿತ್ತು, ಆದರೆ ಇಲ್ಲಿ ಜುಲೈನಲ್ಲಿ ಒಂಬತ್ತಕ್ಕೂ ಬೆಳಕು. ಹಳಿಯ ಹತ್ತಿರ ಇಳಿದು ನಿಂತು ಮಗನಿಗೆ ಕಣಗಿನಹಾಳದ ಕತೆ ಶುರು ಮಾಡಿದೆ. ಗದಗಿನಲ್ಲಿ ಹುಟ್ಟಿ ಬೆಳೆದರೂ ಅವನಿಗೆ ಗೊತ್ತಿರಲಿಲ್ಲ. ಸಿದ್ದನಗೌಡರ ಹೆಸರಿಗೆ ಬರುವಷ್ಟರಲ್ಲಿ ಸರಕಿನ ರೈಲೊಂದು ಬಂತು, ಒಂದರ ಹಿಂದೊಂದು ಡಬ್ಬಿ. ಮೊಮ್ಮಗ ನೂರಾ ಹದಿನಾಲ್ಕರವರೆಗೆ ಎಣಿಸಿ ತಪ್ಪಿದ. ರೈಲು ದಾಟಿದ ಮೇಲೆ "ಹೂಂ, 1905, ಆಮೇಲೆ?" ಅಂದ ಮಗ.

"ಆಮೇಲೇನೈತಿ, ಗಾಡಿ ಹತ್ರಿ ಇಬ್ರೂ" ಅಂದರು ಒಳಗಿನಿಂದ ನಮ್ಮ ಮನೆಯವರು. "ಕಡಕೊಂಡ ತಿನ್ನಾಕತ್ತಾವು ಸೊಳ್ಳಿ."